ತೋಟದ ಮಣ್ಣಿಗೆ ಡೀಸೆಲ್ ಇಳಿದಿದೆ, ಬ್ಯಾಕ್ಟೀರಿಯಾ ಹಾಕಿದ್ರೆ ಸರಿ ಆಗುತ್ತಾ?

ತುಂಗಾದಂಡೆ, ತೀರ್ಥಹಳ್ಳಿ
ಜೂನ್ 3

ಎಲ್ರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಹತ್ರ ಒಂದೂವರೆ ಎಕರೆ ಅಡಿಕೆ ತೋಟ. ತೋಟದ ಮೇಲ್ಗಡೆ ಧರೆ (ಮಣ್ಣಿನ ದಿಬ್ಬ) ಮೇಲೆ ರಸ್ತೆ ಅಗಲ ಮಾಡೋ ಕೆಲಸ ನಡೀತಿತ್ತು, ಆ ಕೆಲಸದವ್ರು ಹಿಟಾಚಿಗೆ ಅಂತ ಡೀಸೆಲ್ ಬ್ಯಾರಲ್ ತಂದು ನಮ್ಮ ಬೇಲಿ ಪಕ್ಕಕ್ಕೇ ಇಟ್ಕೊಂಡಿದ್ರು. ಮೇ ಕೊನೇ ವಾರ ಒಂದು ರಾತ್ರಿ ಗಾಳಿ ಮಳೆ ಬಂದಾಗ ಒಂದು ಬ್ಯಾರಲ್ ಉರುಳಿ ಧರೆಯಿಂದ ಕೆಳಗೆ ಬಿದ್ದಿದೆ, ಬೆಳಿಗ್ಗೆ ನಾವು ನೋಡೋ ಹೊತ್ತಿಗೆ ಪೂರ್ತಿ ಖಾಲಿ. 200 ಲೀಟರ್ ಬ್ಯಾರಲ್, ತುಂಬಾನೇ ಇತ್ತು ಅಂತ ಅವ್ರೇ ಒಪ್ಕೊಂಡ್ರು. ಆಮೇಲೆ ಎರಡು ದಿನಕ್ಕೆ ಸಾಮಾನು ಕಟ್ಕೊಂಡು ಬೇರೆ ಕಡೆ ಹೋದ್ರು, ಈಗ ಫೋನ್ ಎತ್ತಲ್ಲ.

ಬಿದ್ದ ಜಾಗ ಸುಮಾರು 20 ಅಡಿ ಉದ್ದ 15 ಅಡಿ ಅಗಲ ಕಪ್ಪಗೆ ಆಗಿದೆ. ಅದರಲ್ಲಿ ಅರ್ಧ ಖಾಲಿ ಜಾಗ, ಇನ್ನರ್ಧದಲ್ಲಿ 8 ಅಡಿಕೆ ಮರ ಇದೆ, ಅಪ್ಪ ನೆಟ್ಟಿದ್ದು, ಹತ್ತು ದಿನದಲ್ಲೇ ಕೆಳಗಿನ ಸೋಗೆ ಹಳದಿ ತಿರುಗಿದೆ. ಅದಕ್ಕಿಂತ ಹೆದರಿಕೆ ಅಂದ್ರೆ ಅಲ್ಲಿಂದ 60 ಅಡಿ ಕೆಳಗೆ ಬಾವಿ ಇದೆ, ಮನೆಗೆ ಕುಡಿಯೋ ನೀರು ಅದೇ. ನಿನ್ನೆ ಅಮ್ಮ ಕೊಡಪಾನ ಎತ್ತಿದಾಗ ಸ್ವಲ್ಪ ಸೀಮೆಎಣ್ಣೆ ತರ ವಾಸನೆ ಬಂತು ಅಂದ್ರು, ನಂಗೆ ಗೊತ್ತಾಗ್ಲಿಲ್ಲ, ಆದ್ರೆ ಅಮ್ಮನ ಮೂಗು ತಪ್ಪಲ್ಲ.

ಒಬ್ರು ಗೊಬ್ಬರದ ಅಂಗಡಿಯವ್ರು ಎಣ್ಣೆ ತಿನ್ನೋ ಬ್ಯಾಕ್ಟೀರಿಯಾ ಬರುತ್ತೆ, ತರಿಸಿಕೊಡ್ತೀನಿ, ಮಣ್ಣಿಗೆ ಹಾಕಿದ್ರೆ ಮೂರು ತಿಂಗಳಲ್ಲಿ ಕ್ಲೀನ್ ಅಂದ್ರು, ರೇಟ್ ಕೇಳಿದ್ರೆ ತಲೆ ತಿರುಗುತ್ತೆ. ಇದು ನಿಜಾನಾ? ಯಾರಾದ್ರೂ ಮಾಡಿ ನೋಡಿದೋರು ಇದ್ರೆ ದಯವಿಟ್ಟು ಹೇಳಿ, ಆರಿದ್ರಾ ಮಳೆ ಹಿಡಿಯೋದ್ರೊಳಗೆ ಏನಾದ್ರೂ ಮಾಡ್ಬೇಕು.

ಸೊಪ್ಪಿನಬೆಟ್ಟ, ಸಾಗರ
ಜೂನ್ 3

ಓದಿ ಬೇಜಾರಾಯ್ತು ಮಾರಾಯ್ರೆ. ದುಡ್ಡು ಕೊಟ್ಟು ಪ್ಯಾಕೆಟ್ ತಗೊಳೋ ಮೊದ್ಲು ಮನೇಲಿರೋದನ್ನ ನೋಡಿ. ನಾವು ಬೇರಿನ ರೋಗ ತಡೆಯೋಕೆ ಟ್ರೈಕೋಡರ್ಮಾ ಶಿಲೀಂಧ್ರ, ಸೂಡೋಮೊನಾಸ್ ಬ್ಯಾಕ್ಟೀರಿಯಾ ಎಲ್ಲ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಜೊತೆ ಕಲಸಿ ನೆರಳಲ್ಲಿ ಹದಿನೈದು ದಿನ ಇಟ್ಟು ಮರದ ಬುಡಕ್ಕೆ ಹಾಕ್ತೀವಲ್ಲ, ಅದೇ ಸೂಡೋಮೊನಾಸ್ ಎಣ್ಣೆನೂ ತಿನ್ನುತ್ತೆ ಅಂತ ಎಲ್ಲೋ ಓದಿದ ನೆನಪು. ಜೀವಾಮೃತ ಮಾಡಿ ಹೊಯ್ದು ನೋಡಿ, ಒಂದು ಹಿಡಿ ಸಗಣಿಯಲ್ಲಿ ಕೋಟಿಗಟ್ಟಲೆ ಜೀವ ಇರುತ್ತೆ. ನಮ್ಮ ತೋಟದಲ್ಲಿ ಪಂಪ್‌ಸೆಟ್ ಇಟ್ಟಿದ್ದ ಜಾಗ ವರ್ಷಗಟ್ಲೆ ಎಣ್ಣೆ ಸೋರಿ ಹುಲ್ಲೂ ಬರ್ತಿರ್ಲಿಲ್ಲ, ಕರೆಂಟ್ ಮೋಟರ್ ಬಂದಮೇಲೆ ಅಲ್ಲಿ ದರಕು (ಒಣಗಿದ ಎಲೆ), ಗೊಬ್ಬರ ರಾಶಿ ಹಾಕ್ತಾ ಬಂದ್ವಿ, ಈಗ ಅಲ್ಲೇ ಬಾಳೆ ಚೆನ್ನಾಗಿದೆ.

ಇನ್ನೊಂದು, ಸೋಗೆ ಹಳದಿ ಆಗಿರೋದು ಡೀಸೆಲ್‌ನಿಂದಾನೇ ಅಂತ ಗ್ಯಾರಂಟಿನಾ? ಎಲೆಚುಕ್ಕಿ ರೋಗ ಈಗ ನಿಮ್ಮ ಕಡೆನೂ ಇದೆಯಲ್ಲ.

ತುಂಗಾದಂಡೆ
ಜೂನ್ 3

ಎಲೆಚುಕ್ಕಿ ಅಲ್ಲ ಅಣ್ಣ, ಚುಕ್ಕಿ ಇಲ್ಲವೇ ಇಲ್ಲ, ಪಕ್ಕದ ಸಾಲಿನ ಮರ ಎಲ್ಲ ಹಸಿರಾಗೇ ಇದೆ, ಈ 8 ಮಾತ್ರ.

ಮಣ್ಣಿನ_ಹುಚ್ಚು, ಭದ್ರಾವತಿ
ಜೂನ್ 4

ನಾನು ಶಂಕರಘಟ್ಟದಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಮಾಡ್ದೋನು, ಪ್ರಾಜೆಕ್ಟ್‌ಗೆ ಗ್ಯಾರೇಜ್ ಮಣ್ಣು ತಂದು ಅದರಿಂದ ಡೀಸೆಲ್ ತಿನ್ನೋ ಬ್ಯಾಕ್ಟೀರಿಯಾ ಬೇರ್ಪಡಿಸೋ ಕೆಲಸನೇ ಮಾಡಿದ್ದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದಿ.

ಬ್ಯಾಕ್ಟೀರಿಯಾ ಎಣ್ಣೆ ತಿನ್ನೋದು ನಿಜ, ನೂರಕ್ಕೆ ನೂರು ನಿಜ. ಆದ್ರೆ ಅದನ್ನ ಹೊರಗಿಂದ ತರಬೇಕು ಅನ್ನೋದೇ ತಪ್ಪು ಲೆಕ್ಕ. ಸೂಡೋಮೊನಾಸ್, ರೋಡೋಕಾಕಸ್, ಆಸಿನೆಟೋಬ್ಯಾಕ್ಟರ್ ಇಂಥವು ಯಾವ ತೋಟದ ಮಣ್ಣಲ್ಲೂ ಸ್ವಲ್ಪ ಸ್ವಲ್ಪ ಇದ್ದೇ ಇರ್ತವೆ. ಯಾಕಂದ್ರೆ ಎಲೆ ಮೇಲಿನ ಮೇಣ ಇದೆಯಲ್ಲ, ಅದೂ ಡೀಸೆಲ್‌ನಲ್ಲಿರೋ ತರದ್ದೇ ಕಾರ್ಬನ್ ಸರಪಳಿ, ಕಾಡಲ್ಲಿ ದರಕು ಕೊಳೆಯುವಾಗ ಅದನ್ನ ತಿಂದು ಅಭ್ಯಾಸ ಆಗಿರೋ ಜೀವಿಗಳು ಇವು. ಡೀಸೆಲ್ ಬಿದ್ದ ತಕ್ಷಣ ಉಳಿದವುಗಳಲ್ಲಿ ಕೆಲವು ಸಾಯ್ತವೆ, ಇವು ಹೆಚ್ಕೊಳ್ತವೆ, ಕೆಲವೇ ದಿನದಲ್ಲಿ ಸಂಖ್ಯೆ ನೂರು ಪಟ್ಟು ಸಾವಿರ ಪಟ್ಟು ಆಗುತ್ತೆ. ತಿನ್ನೋ ರೀತಿನೂ ನಮ್ಮ ಮೈಗೆ ಹೊಸದಲ್ಲ. ಮೊದ್ಲು ಸರಪಳಿಯ ತುದಿಗೆ ಒಂದು ಆಕ್ಸಿಜನ್ ಅಂಟಿಸ್ತವೆ, ಅದು ಆಲ್ಕೋಹಾಲ್ ಆಗಿ ಆಮೇಲೆ ಕೊಬ್ಬಿನ ಆಮ್ಲ ಆಗುತ್ತೆ, ಅಲ್ಲಿಂದ ಎರಡೆರಡು ಕಾರ್ಬನ್ ಕತ್ತರಿಸ್ತಾ ಹೋಗ್ತವೆ, ನಾವು ತಿಂದ ತುಪ್ಪ ಮೈಯಲ್ಲಿ ಕರಗೋದೂ ಇದೇ ದಾರೀಲಿ. ಕೊನೆಗೆ ಉಳಿಯೋದು ಇಂಗಾಲದ ಡೈಆಕ್ಸೈಡು, ನೀರು, ಮತ್ತೆ ಆ ಬ್ಯಾಕ್ಟೀರಿಯಾಗಳ ಮೈ. ನೇರ ಸರಪಳಿ ಬೇಗ ಹೋಗುತ್ತೆ, ಕವಲೊಡೆದಿದ್ದು ನಿಧಾನ, ಉಂಗುರದ ತರ ಇರೋದು ಅಂದ್ರೆ ನುಸಿಗುಳಿಗೆಯ ನ್ಯಾಫ್ತಲೀನ್ ಜಾತಿದು ಇನ್ನೂ ನಿಧಾನ. ಡೀಸೆಲ್‌ನಲ್ಲಿ ಸುಲಭದ್ದೇ ಜಾಸ್ತಿ, ಅದು ನಿಮ್ಮ ಪುಣ್ಯ.

ಹಾಗಾದ್ರೆ ತೊಂದ್ರೆ ಎಲ್ಲಿ? ಡೀಸೆಲ್ ಅಂದ್ರೆ ಬರೀ ಕಾರ್ಬನ್ನು ಹೈಡ್ರೋಜನ್ನು. ಅನ್ನ ರಾಶಿ ಬಿದ್ದಿದೆ, ಸಾರೂ ಇಲ್ಲ ಉಪ್ಪೂ ಇಲ್ಲ. ಮೈ ಕಟ್ಟೋಕೆ ಸಾರಜನಕ ರಂಜಕ ಬೇಕು, ಅದು ಮಣ್ಣಿಂದಾನೇ ತಗೋಬೇಕು, ಎಲ್ಲ ಅವೇ ಎಳ್ಕೊಂಡಾಗ ಮರಕ್ಕೆ ಏನೂ ಉಳಿಯಲ್ಲ. ನಿಮ್ಮ 8 ಮರ ಹಳದಿ ಆಗಿರೋದಕ್ಕೆ ಬೇರಿಗೆ ಎಣ್ಣೆ ಮೆತ್ಕೊಂಡಿರೋದು ಒಂದು ಕಾರಣ ಆದ್ರೆ ಈ ಸಾರಜನಕದ ಬರ ಇನ್ನೊಂದು ಕಾರಣ ಇರಬಹುದು, ಅಂದ್ರೆ ಒಳಗೆ ಕೆಲಸ ಶುರುವಾಗಿದೆ ಅಂತಾನೂ ಅರ್ಥ.

ಲೆಕ್ಕ ಹೇಳ್ತೀನಿ. 200 ಲೀಟರ್ ಅಂದ್ರೆ ಹೆಚ್ಚುಕಡಿಮೆ 168 ಕೆಜಿ, ಅದರಲ್ಲಿ ಕಾರ್ಬನ್ 145 ಕೆಜಿ ಹತ್ರ. 100 ಪಾಲು ಕಾರ್ಬನ್‌ಗೆ 10 ಪಾಲು ಸಾರಜನಕ, 1 ಪಾಲು ರಂಜಕ ಅನ್ನೋದು ಈ ಕೆಲಸದಲ್ಲಿ ರೂಢಿಯ ಲೆಕ್ಕ. ಅಂದ್ರೆ 14 ಕೆಜಿ ಚಿಲ್ಲರೆ ಸಾರಜನಕ, ಯೂರಿಯಾದಲ್ಲಿ ಹೇಳೋದಾದ್ರೆ 30 ಕೆಜಿ ಮೇಲೆ, ಸೂಪರ್ ಫಾಸ್ಫೇಟ್ 20 ಕೆಜಿ. ಆದ್ರೆ ಒಂದೇ ಸಲ ದಯವಿಟ್ಟು ಸುರಿಬೇಡಿ, ಆಗ ಬ್ಯಾಕ್ಟೀರಿಯಾನೂ ಸಾಯ್ತವೆ ಮರನೂ ಸುಡುತ್ತೆ, ಮಳೆಗೆ ಕೊಚ್ಕೊಂಡು ಬಾವಿಗೆ ನೈಟ್ರೇಟ್ ಆಗಿ ಇಳಿಯುತ್ತೆ, ಒಂದು ವಿಷ ತೆಗೆಯೋಕೆ ಹೋಗಿ ಇನ್ನೊಂದು ಹಾಕಿದಂಗೆ. ಈಗಾಗ್ಲೇ ಸ್ವಲ್ಪ ಡೀಸೆಲ್ ಆವಿಯಾಗಿ ಹೋಗಿರುತ್ತೆ, ಕೊಟ್ಟಿಗೆ ಗೊಬ್ಬರದಲ್ಲೂ ಸಾರಜನಕ ಇರುತ್ತೆ, ಹಾಗಾಗಿ ಯೂರಿಯಾ 15 ಕೆಜಿ ಮೂರು ಕಂತಲ್ಲಿ ಸಾಕು.

ಇದೆಲ್ಲಕ್ಕಿಂತ ದೊಡ್ಡದು ಗಾಳಿ. ಒಂದು ಕೆಜಿ ಡೀಸೆಲ್ ಪೂರ್ತಿ ಕರಗೋಕೆ ಸುಮಾರು ಮೂರೂವರೆ ಕೆಜಿ ಆಕ್ಸಿಜನ್ ಬೇಕು. ನಿಮ್ಮ ಬ್ಯಾರಲ್‌ಗೆ ಲೆಕ್ಕ ಹಾಕಿದ್ರೆ ಒಂದು ಕಲ್ಯಾಣ ಮಂಟಪದ ಹಾಲ್ ತುಂಬ ಗಾಳಿ ಬೇಕು, ಅಷ್ಟೂ ಗಾಳಿ ಮಣ್ಣಿನ ಸಂದುಗೊಂದಲ್ಲಿ ಇಳೀಬೇಕು. ನಮ್ಮ ಮಲೆನಾಡಲ್ಲಿ ಮಳೆ ಹಿಡಿದ ಮೇಲೆ ಮಣ್ಣಿನ ಸಂದೆಲ್ಲ ನೀರು ತುಂಬ್ಕೊಳ್ಳುತ್ತೆ, ಗಾಳಿಗೆ ಜಾಗಾನೇ ಇರಲ್ಲ. ಗಾಳಿ ಇಲ್ದೆ ತಿನ್ನೋ ಜಾತಿಗಳೂ ಇದಾವೆ ಆದ್ರೆ ಅವು ಆಮೆ. ಅದಕ್ಕೇ ಹೇಳ್ತಿದೀನಿ, ನಿಮಗೆ ಬೇಕಾಗಿರೋದು ಪ್ಯಾಕೆಟ್ ಅಲ್ಲ, ಟಾರ್ಪಾಲು.

ಎಂತ ಮಾಡ್ಬೇಕು ಅಂದ್ರೆ, ಮರ ಇಲ್ಲದ ಅರ್ಧ ಜಾಗದ ಕಪ್ಪು ಮಣ್ಣನ್ನ ವಾಸನೆ ನಿಲ್ಲೋವರೆಗೂ ತೋಡಿ, ಎರಡಡಿ ಆಗಬಹುದು. ಬಾವಿಯಿಂದ ದೂರ, ನೀರು ಹರಿಯದ ಕಡೆ ದಪ್ಪ ಸಿಲ್ಪಾಲಿನ್ ಹಾಸಿ ಸುತ್ತ ಗೇಣುದ್ದ ಬದು ಕಟ್ಟಿ ಅದರ ಮೇಲೆ ರಾಶಿ ಮಾಡಿ. ಅಡಿಕೆ ಸಿಪ್ಪೆ ಮನೇಲಿ ಇದ್ದೇ ಇರುತ್ತಲ್ಲ, ಮಣ್ಣಿನ ನಾಲ್ಕರಲ್ಲಿ ಒಂದು ಪಾಲು ಸಿಪ್ಪೆ, ಒಂದಿಷ್ಟು ಹಳೇ ಕೊಟ್ಟಿಗೆ ಗೊಬ್ಬರ ಸೇರಿಸಿ, ಸಿಪ್ಪೆ ಸಂದಲ್ಲಿ ಗಾಳಿ ಆಡುತ್ತೆ. ರಾಶಿ ಮೂರಡಿಗಿಂತ ಎತ್ತರ ಬೇಡ. ನಡುವೆ ತೂತು ಹೊಡೆದ ಪಿವಿಸಿ ಪೈಪ್ ಎರಡು ಮೂರು ಅಡ್ಡ ಮಲಗಿಸಿದ್ರೆ ಇನ್ನೂ ಒಳ್ಳೇದು. ಮೇಲೆ ಚಪ್ಪರ ಕಟ್ಟಿ ಟಾರ್ಪಾಲು, ರಾಶಿಗೆ ತಾಗದ ಹಾಗೆ. ವಾರಕ್ಕೊಂದು ಸಲ ಗುದ್ದಲೀಲಿ ತಿರುವಿ ಹಾಕಿ. ಮುಷ್ಟೀಲಿ ಹಿಂಡಿದ್ರೆ ಉಂಡೆ ಆಗ್ಬೇಕು, ನೀರು ತೊಟ್ಟಿಕ್ಕಬಾರ್ದು, ಅಷ್ಟು ಹಸಿ ಸಾಕು. ನಮ್ಮ ಕಡೆ ಮಣ್ಣು ಹುಳಿ, ಪಿಎಚ್ 6ಕ್ಕಿಂತ ಕಮ್ಮಿ ಇದ್ರೆ ಮೊದ್ಲು ಸುಣ್ಣ ಕಲಸಿ, ಯೂರಿಯಾ ಎರಡು ವಾರ ಬಿಟ್ಟು ಹಾಕಿ, ಎರಡೂ ಒಟ್ಟಿಗೆ ಹಾಕಿದ್ರೆ ಅಮೋನಿಯಾ ಆಗಿ ಹಾರಿಹೋಗುತ್ತೆ.

ಮರದ ಬುಡದ ಹತ್ರ ತೋಡ್ಬೇಡಿ, ಅಡಿಕೆ ಬೇರೆಲ್ಲ ಮೇಲೇ ಇರೋದು. ಅಲ್ಲಿ ಕೈಗುದ್ದಲೀಲಿ ಹಗುರಕ್ಕೆ ಕೆದಕಿ ಗೊಬ್ಬರ ಕೊಡಿ, ಅಷ್ಟೇ.

ಸೊಪ್ಪಿನಬೆಟ್ಟ ಅಣ್ಣನ ಮಾತಿಗೆ: ಅಂಗಡೀಲಿ ಸಿಗೋ ಸೂಡೋಮೊನಾಸ್ ಫ್ಲೋರೆಸೆನ್ಸ್ ರೋಗ ತಡೆಯೋಕೆ ಅಂತ ಆರಿಸಿದ್ದು, ಕುಲ ಒಂದೇ ಆದ್ರೂ ಕಸುಬು ಬೇರೆ. ಜೀವಾಮೃತದಿಂದ ಕೆಟ್ಟದ್ದೇನೂ ಇಲ್ಲ, ಆದ್ರೆ ಅದರಲ್ಲಿರೋ ಬೆಲ್ಲ ಕಂಡ್ರೆ ಬ್ಯಾಕ್ಟೀರಿಯಾ ಡೀಸೆಲ್ ಬಿಟ್ಟು ಬೆಲ್ಲ ತಿನ್ನೋಕೆ ಹೋಗ್ತವೆ. ಗೊಬ್ಬರನೇ ಸಾಕು.

ಗ್ಯಾರೇಜ್_ಮಂಜಣ್ಣ, ಶಿವಮೊಗ್ಗ
ಜೂನ್ 4

ಮೇಲಿನವ್ರು ಚೆನ್ನಾಗಿ ಹೇಳಿದಾರೆ. ನಾನು ಇಪ್ಪತ್ತು ವರ್ಷದಿಂದ ಗ್ಯಾರೇಜ್ ಇಟ್ಕೊಂಡಿರೋನು, ನಂದೊಂದು ಮಾತು. ಇದು ಡೀಸೆಲ್ ಆಗಿರೋದ್ರಿಂದ ಬಚಾವ್, ಹಳೇ ಇಂಜಿನ್ ಆಯಿಲ್ ಆಗಿದ್ರೆ ಕತೆ ಬೇರೆ. ಅದರಲ್ಲಿ ಸವೆದ ಲೋಹದ ಪುಡಿ, ಸತು ಗಿತು ಎಲ್ಲ ಇರುತ್ತೆ, ಯಾವ ಹುಳ ಬಂದ್ರೂ ಲೋಹ ತಿಂದು ಮುಗಿಸೋಕಾಗಲ್ಲ. ನಾನು ಮೊದ್ಲು ತಿಳೀದೆ ಹಿಂದ್ಗಡೆ ಗುಂಡಿಗೇ ಬಿಡ್ತಿದ್ದೆ, ಈಗ ಒಂದು ತೊಟ್ಟೂ ಚೆಲ್ಲಲ್ಲ, ಬ್ಯಾರಲ್ ತುಂಬಿಸಿ ಪರ್ಮಿಟ್ ಇರೋ ರೀಸೈಕಲ್‌ನವ್ರಿಗೇ ಕೊಡ್ತೀನಿ.

ತಮ್ಮ, ಇನ್ನೊಂದು, ಸೋಪು ನೀರು ಸರ್ಫು ಹಾಕಿ ತೊಳೀರಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡ. ಎಣ್ಣೆ ಕರಗಿದಂಗೆ ಕಾಣುತ್ತೆ ಆದ್ರೆ ಅದೆಲ್ಲ ಕೆಳಗೆ ಬಾವಿ ಕಡೆ ಹೋಗುತ್ತೆ. ಮಳೆ ಬರೋ ಮೊದ್ಲು ಆ ಜಾಗಕ್ಕೂ ಬಾವಿಗೂ ನಡುವೆ ಅಡ್ಡ ಒಂದು ಕಾಲುವೆ ತೋಡಿ ಅದಕ್ಕೆ ಭತ್ತದ ಹೊಟ್ಟು, ತೆಂಗಿನ ನಾರು ಒತ್ತಿ ತುಂಬು. ನೀರು ದಾಟುತ್ತೆ, ಎಣ್ಣೆ ಹಿಡ್ಕೊಳ್ಳುತ್ತೆ. ಆ ಹೊಟ್ಟನ್ನ ಆಮೇಲೆ ಅದೇ ರಾಶಿಗೆ ಸೇರಿಸು, ಒಲೆಗೆ ಹಾಕ್ಬೇಡ. 2017ರಲ್ಲಿ ಚೆನ್ನೈ ಹತ್ರ ಎಣ್ಣೂರಲ್ಲಿ ಎರಡು ಹಡಗು ಡಿಕ್ಕಿ ಆದಾಗ ಜನ ಬಕೆಟ್ಟಲ್ಲಿ ಎಣ್ಣೆ ಎತ್ತಿದ್ದು ಟೀವೀಲಿ ನೋಡಿದ್ರಲ್ಲ, ಕೈಯಲ್ಲಿ ಎತ್ತೋಕಾಗೋಷ್ಟನ್ನ ಮೊದ್ಲು ಎತ್ತಲೇಬೇಕು, ಉಳಿದಿದ್ದು ಹುಳಕ್ಕೆ.

ಕಾಫಿತೋಟ, ಕೊಪ್ಪ
ಜೂನ್ 4

ಅಮೆರಿಕದಲ್ಲಿ ನಮ್ಮ ಭಾರತದವ್ರೇ ಒಬ್ರು ಎಣ್ಣೆ ತಿನ್ನೋ ಸೂಪರ್ ಬ್ಯಾಕ್ಟೀರಿಯಾ ತಯಾರು ಮಾಡಿ ಪೇಟೆಂಟ್ ತಗೊಂಡಿದ್ರಲ್ಲ, ಅದು ಸಿಗಲ್ವಾ? ಅಷ್ಟು ದೊಡ್ಡ ಕೇಸ್ ಗೆದ್ದಿದ್ದು ಅಂದ್ರೆ ಅದು ಇದಕ್ಕಿಂತ ಫಾಸ್ಟ್ ಇರ್ಬೇಕು. ಇಲ್ಲಿ ಗುದ್ದಲೀಲಿ ವಾರವಾರ ತಿರುವೋ ಬದ್ಲು ಅದನ್ನೇ ತರಿಸಿದ್ರೆ? ಮತ್ತೆ ಸಿಂಪಿ ಅಣಬೆಯಿಂದಾನೂ ಎಣ್ಣೆ ಮಣ್ಣು ಸರಿ ಮಾಡ್ತಾರೆ ಅಂತ ವಿಡಿಯೋ ನೋಡಿದ್ದೆ, ನಾವು ಮನೇಲಿ ಅಣಬೆ ಬೆಳೀತೀವಿ, ಬೀಜ ಕಳಿಸ್ಲಾ?

ಮಣ್ಣಿನ_ಹುಚ್ಚು
ಜೂನ್ 5

ನೀವು ಹೇಳ್ತಿರೋದು ಆನಂದ ಮೋಹನ್ ಚಕ್ರವರ್ತಿ ಅವರ ವಿಷಯ, ಬಂಗಾಳದವ್ರು. 1970ರ ದಶಕದ ಶುರುವಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನೀಲಿದ್ದಾಗ ಬೇರೆ ಬೇರೆ ಸೂಡೋಮೊನಾಸ್‌ಗಳಲ್ಲಿ ಹಂಚಿಹೋಗಿದ್ದ ಎಣ್ಣೆ ತಿನ್ನೋ ಗುಣಗಳನ್ನ, ಅಂದ್ರೆ ಆ ಗುಣ ಹೊತ್ತ ಪ್ಲಾಸ್ಮಿಡ್ ಅನ್ನೋ ಸಣ್ಣ ಡಿಎನ್‌ಎ ಉಂಗುರಗಳನ್ನ, ಒಂದರೊಳಗೇ ಸೇರಿಸಿದ್ರು. ಜೀವ ಇರೋದಕ್ಕೆ ಪೇಟೆಂಟ್ ಕೊಡಬಹುದಾ ಅಂತ ಕೇಸ್ ನಡೆದು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಕೊಡಬಹುದು ಅಂತು. ಬಯೋಟೆಕ್ನಾಲಜಿ ಇಂಡಸ್ಟ್ರಿ ಬೆಳೆಯೋಕೆ ಅದೇ ತಿರುವು, ಅವರ ಬಗ್ಗೆ ನಂಗೆ ತುಂಬಾ ಗೌರವ. ಆದ್ರೆ ಆ ಬ್ಯಾಕ್ಟೀರಿಯಾವನ್ನ ನಿಜವಾದ ಎಣ್ಣೆ ಸೋರಿಕೆಗೆ ಹೊರಗೆ ಬಿಡಲೇ ಇಲ್ಲ. ಲ್ಯಾಬಲ್ಲಿ ಸಾಕಿದ್ದು ಹೊರಗಿನ ಮಣ್ಣಿಗೆ ಬಂದ್ರೆ ಅಲ್ಲೇ ಹುಟ್ಟಿ ಬೆಳೆದವುಗಳ ಜೊತೆ ಪೈಪೋಟಿ ಮಾಡ್ಬೇಕು, ಬಹಳ ಸಲ ಸೋಲ್ತವೆ.

1989ರಲ್ಲಿ ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗು ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ ಚೆಲ್ತಲ್ಲ, ಅಲ್ಲಿ ದಡಕ್ಕೆ ಹಾಕಿದ್ದು ಮುಖ್ಯವಾಗಿ ಏನು ಗೊತ್ತಾ? ಗೊಬ್ಬರ. ಸಾರಜನಕ ರಂಜಕದ ಗೊಬ್ಬರ. ಅಲ್ಲೇ ಇದ್ದ ಬ್ಯಾಕ್ಟೀರಿಯಾ ಅದನ್ನ ಉಂಡು ಎಣ್ಣೆ ತಿಂದವು, ಗೊಬ್ಬರ ಬಿದ್ದ ಕಡೆ ಬೇಗ ತಿಳಿಯಾಯ್ತು. ಅದೇ ದಡದಲ್ಲಿ ಕಲ್ಲಿನ ಅಡಿ ಗಾಳಿ ಸಿಗದ ಕಡೆ ಸಿಕ್ಕಿಹಾಕ್ಕೊಂಡ ಎಣ್ಣೆ ಇಪ್ಪತ್ತು ವರ್ಷ ಕಳೆದ್ರೂ ತೋಡಿದ್ರೆ ಹಸಿಯಾಗೇ ಸಿಕ್ತು. ನಾನು ಗಾಳಿ ಗಾಳಿ ಅಂತ ಇಷ್ಟು ಹೇಳ್ತಿರೋದು ಅದಕ್ಕೇ. ಗುದ್ದಲಿ ಬಿಟ್ರೆ ಆಗಲ್ಲ.

ಪ್ಯಾಕೆಟ್ ಪೂರ್ತಿ ಮೋಸ ಅಂತ ನಾನು ಹೇಳಲ್ಲ. ನಮ್ಮ ದೇಶದಲ್ಲೇ ಟೇರಿ ಅನ್ನೋ ಸಂಶೋಧನಾ ಸಂಸ್ಥೆ ಆಯಿಲ್‌ಝಾಪರ್ ಅಂತ ಮಾಡಿದೆ, ಹಲವು ಬ್ಯಾಕ್ಟೀರಿಯಾ ಒಟ್ಟು ಸೇರಿಸಿ ಮೆಕ್ಕೆಜೋಳದ ದಿಂಡಿನ ಪುಡಿಗೆ ಹಿಡಿಸಿರೋದು, ರಿಫೈನರಿಗಳ ಎಣ್ಣೆ ಕೆಸರಿನ ಗುಂಡಿಗಳಿಗೆ ಹಾಕ್ತಾರೆ, 2010ರಲ್ಲಿ ಮುಂಬೈ ಹತ್ರ ಹಡಗು ಡಿಕ್ಕಿ ಆದಾಗ ದಡಕ್ಕೂ ಬಳಸಿದ್ರು. ರಿಫೈನರಿ ಕೆಸರು ಅಂದ್ರೆ ಗಟ್ಟಿ ಎಣ್ಣೆ, ಟನ್‌ಗಟ್ಲೆ, ಅಲ್ಲಿ ಅದು ಬೇಕು. ನಿಮ್ಮ ತೋಟದಲ್ಲಿ ಬಿದ್ದಿರೋದು ಒಂದು ಬ್ಯಾರಲ್ ಡೀಸೆಲ್, ಮಣ್ಣಿನ ತೂಕಕ್ಕೆ ನೂರಕ್ಕೆ ಒಂದು ಪಾಲೂ ಆಗಲ್ಲ. ನೂರಕ್ಕೆ ಐದು ದಾಟಿದ್ರೆ ಬ್ಯಾಕ್ಟೀರಿಯಾಕ್ಕೇ ಉಸಿರುಕಟ್ಟುತ್ತೆ, ಇಲ್ಲಿ ಆ ಭಯ ಇಲ್ಲ.

ಅಣಬೆ ವಿಷಯ ನಿಜ. ಮರಕ್ಕೆ ಗಟ್ಟಿತನ ಕೊಡೋ ಲಿಗ್ನಿನ್ ಒಡೆಯೋ ಕಿಣ್ವಗಳು ಅವಕ್ಕೆ ಇವೆ, ಅದೇ ಕಿಣ್ವ ಉಂಗುರದ ತರದ ಗಟ್ಟಿ ಕಾರ್ಬನ್ನನ್ನೂ ಒಡೆಯುತ್ತೆ. ಹುಲ್ಲಿನ ಜೊತೆ ರಾಶಿಯ ಒಂದು ಮೂಲೆಗೆ ಹಾಕಿ ನೋಡಬಹುದು, ಆದ್ರೆ ಅಲ್ಲಿ ಎದ್ದ ಅಣಬೆ ತಿನ್ನಬಾರ್ದು, ದನಕ್ಕೂ ಹಾಕಬಾರ್ದು.

ತುಂಗಾದಂಡೆ ಅವ್ರೆ, ಒಂದು ಪ್ರಶ್ನೆ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಎಷ್ಟು ವರ್ಷದಿಂದ ಹೊಡೀತಿದೀರಿ? ಮೈಲುತುತ್ತದ ತಾಮ್ರ ಮಣ್ಣಲ್ಲೇ ಉಳಿಯುತ್ತೆ, ಕರಗಿ ಹೋಗೋದಲ್ಲ, ಅದು ಜಾಸ್ತಿ ಇರೋ ಮಣ್ಣಲ್ಲಿ ಬ್ಯಾಕ್ಟೀರಿಯಾ ಮಂಕಾಗ್ತವೆ. ಅಡಿಕೆ ತೋಟದಲ್ಲಿ ಈ ಕೆಲಸಕ್ಕೆ ಇರೋ ನಿಜವಾದ ಅಡ್ಡಿ ಅದು. ಹಾಗಾಗಿ ಕೊಟ್ಟಿಗೆ ಗೊಬ್ಬರ ಧಾರಾಳ ಹಾಕಿ, ಗೊಬ್ಬರದ ಕಪ್ಪು ಅಂಶ ತಾಮ್ರಾನ ಕಟ್ಟಿಹಾಕುತ್ತೆ.

ಪಿಯು_ಟೀಚರ್, ಹೊಸನಗರ
ಜೂನ್ 5

ಎಲ್ರೂ ಮಣ್ಣಿನ ಬಗ್ಗೆನೇ ಮಾತಾಡ್ತಿದೀರಿ, ನಂಗೆ ಬಾವಿದೇ ಚಿಂತೆ. ತಮ್ಮಾ, ಇವತ್ತಿಂದಾನೇ ಆ ನೀರು ಕುಡಿಯೋದು ಅಡುಗೆಗೆ ಹಾಕೋದು ನಿಲ್ಸಿ. ಕುದಿಸಿದ್ರೆ ಸಾಕು ಅನ್ಕೋಬೇಡಿ, ಕುದಿಸೋದು ರೋಗಾಣುವಿಗೆ, ಡೀಸೆಲ್‌ಗಲ್ಲ, ಅದರ ಆವಿ ಮನೆಯೊಳಗೇ ತುಂಬುತ್ತೆ. ಅಮ್ಮನಿಗೆ ವಾಸನೆ ಬಂದಿದೆ ಅಂದ್ರೆ ನಂಬಿ, ಪೆಟ್ರೋಲಿಯಂ ವಾಸನೆ ನೀರಲ್ಲಿ ಬಹಳ ಕಮ್ಮಿ ಇದ್ರೂ ಮೂಗಿಗೆ ಸಿಗುತ್ತೆ. ನೀರಲ್ಲಿ ಕರಗೋ ಬೆಂಜೀನ್ ಜಾತಿದು ಡೀಸೆಲ್‌ನಲ್ಲಿ ಪೆಟ್ರೋಲ್‌ಗಿಂತ ಕಮ್ಮಿ, ಆದ್ರೆ ಇಲ್ಲ ಅಂತಲ್ಲ.

ಬಾವಿಗೆ ಬ್ಯಾಕ್ಟೀರಿಯಾ, ಗೊಬ್ಬರ, ಬ್ಲೀಚಿಂಗ್ ಪೌಡರ್ ಏನೂ ಹಾಕ್ಬೇಡಿ. ನೀರು ಪರೀಕ್ಷೆಗೆ ಕಳಿಸುವಾಗ ಪ್ಲಾಸ್ಟಿಕ್ ಬಾಟಲಿ ಬೇಡ, ಗಾಜಿನ ಬಾಟಲಿ, ಕುತ್ತಿಗೆವರೆಗೂ ತುಂಬಿ ಒಳಗೆ ಗಾಳಿ ಇಲ್ಲದ ಹಾಗೆ ಮುಚ್ಚಳ ಬಿಗಿದು ಐಸ್ ಜೊತೆ ತಗೊಂಡು ಹೋಗಿ, ಇಲ್ಲಾಂದ್ರೆ ದಾರೀಲೇ ಹಾರಿಹೋಗಿ ರಿಪೋರ್ಟ್ ಏನೂ ಇಲ್ಲ ಅಂತ ಬರುತ್ತೆ. ಲ್ಯಾಬಿನವ್ರಿಗೆ ಡೀಸೆಲ್ ಅಂತಾನೇ ಬಾಯಿಬಿಟ್ಟು ಹೇಳಿ, ಸುಮ್ನೆ ನೀರು ಪರೀಕ್ಷೆ ಅಂದ್ರೆ ಉಪ್ಪು, ಗಡಸು, ಕೋಲಿಫಾರ್ಮ್ ನೋಡಿ ಕಳಿಸ್ತಾರೆ.

ಮತ್ತೆ ತೋಡೋ ಮೊದ್ಲು ಫೋಟೋ ವಿಡಿಯೋ ತೆಗೆದಿಟ್ಕೊಳ್ಳಿ, ಪಂಚಾಯಿತಿ ಪಿಡಿಒ ಅವರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಶಿವಮೊಗ್ಗದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿ ಇದೆ ಅಲ್ಲಿಗೂ ಒಂದು ದೂರು ಕೊಡಿ. ಚೆಲ್ಲಿದವ್ರು ಖರ್ಚು ಕೊಡಬೇಕು, ಬೇಲಿ ಪಕ್ಕ ಬ್ಯಾರಲ್ ಇಟ್ಟಿದ್ದು ನೀವಲ್ಲವಲ್ಲ. ಒಂದು ಮನೆಯವರ ಬಾವಿ ಕೆಡಿಸಿ ಫೋನ್ ಎತ್ತದೆ ಇರೋದು ಸಣ್ಣ ವಿಷಯ ಅಲ್ಲ.

ತುಂಗಾದಂಡೆ
ಜೂನ್ 16

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ನೀರು ಈಗ ಚಿಕ್ಕಪ್ಪನ ಮನೆಯಿಂದ ತರ್ತಿದೀವಿ. ಮಂಜಣ್ಣ ಹೇಳಿದ ಹಾಗೆ ಕಾಲುವೆ ತೋಡಿ ಹೊಟ್ಟು ನಾರು ತುಂಬಿದ್ವಿ, ಮಾರನೇ ದಿನದ ಮಳೆಗೇ ನೀರಿನ ಮೇಲೆ ಕಾಮನಬಿಲ್ಲಿನ ತರ ಪದರ ಬಂದು ಹೊಟ್ಟಲ್ಲಿ ನಿಂತಿದ್ದು ಕಣ್ಣಾರೆ ಕಂಡೆ, ಎರಡು ದಿನ ತಡ ಮಾಡಿದ್ರೆ ಅದೆಲ್ಲ ಬಾವಿ ಸೇರ್ತಿತ್ತು.

ಮಣ್ಣು ನಾಲ್ಕು ಜನ ಮೂರು ದಿನ ತೋಡಿದ್ವಿ. ಒಂದೂವರೆ ಅಡಿವರೆಗೂ ವಾಸನೆ ಜೋರಾಗಿತ್ತು, ಎರಡಡಿಗೆ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಸಿಕ್ತು, ಅಲ್ಲಿ ಒಂದು ಕಡೆ ಬಿರುಕಲ್ಲಿ ಮಾತ್ರ ಇಳಿದಿದೆ. ಅಡಿಕೆ ಸುಲಿಯೋ ಕೊಟ್ಟಿಗೆ ಹಿಂದೆ ಚಪ್ಪರ ಹಾಕಿ ರಾಶಿ ಮಾಡಿದೀವಿ. ಪಿಎಚ್ 5.4 ಬಂತು, ಸುಣ್ಣ ಕಲಸಿದೀವಿ, ಯೂರಿಯಾ ಇನ್ನೂ ಹಾಕಿಲ್ಲ. ಬೋರ್ಡೋ ಅಪ್ಪನ ಕಾಲದಿಂದ, ಮೂವತ್ತು ವರ್ಷದ ಮೇಲಾಯ್ತು. ಗೊಬ್ಬರ ಎರಡು ಗಾಡಿ ಹಾಕಿದೀವಿ.

ಒಂದು ಅನುಮಾನ. ಮೊನ್ನೆ ತಿರುವುವಾಗ ರಾಶಿ ಒಳಗೆ ಕೈ ಹಾಕಿದ್ರೆ ಬೆಚ್ಚಗಿತ್ತು. ಬೆಂಕಿ ಗಿಂಕಿ ಹತ್ಕೊಳ್ಳಲ್ವಾ?

ಮಣ್ಣಿನ_ಹುಚ್ಚು
ಜೂನ್ 16

ಆ ಬಿಸಿ ಕಂಡ್ರೆ ಖುಷಿ ಪಡಿ, ಬ್ಯಾಕ್ಟೀರಿಯಾ ಉಸಿರಾಡ್ತಿರೋ ಬಿಸಿ ಅದು, ಗೊಬ್ಬರಗುಂಡಿ ಬಿಸಿ ಆಗೋದೂ ಹೀಗೇ. ಅಷ್ಟಕ್ಕೆ ಬೆಂಕಿ ಹತ್ತಲ್ಲ, ಆದ್ರೆ ರಾಶಿ ಹತ್ರ ಬೀಡಿ ಸಿಗರೇಟು ಬೇಡ. ತಿರುವುವಾಗ ಮೂಗಿಗೆ ಬಟ್ಟೆ ಕಟ್ಕೊಳ್ಳಿ, ಗಾಳಿ ಬರೋ ಕಡೆಗೆ ಬೆನ್ನು ಹಾಕಿ ನಿಲ್ಲಿ, ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಬರಿಗೈ ಹಾಕ್ಬೇಡಿ ದಯವಿಟ್ಟು. ರಾಶಿ ತಣ್ಣಗಾಗಿ ವಾಸನೆ ಹಾಗೇ ಇದ್ರೆ ಗಾಳಿನೋ ಸಾರಜನಕನೋ ಕಮ್ಮಿ ಅಂತ ಅರ್ಥ. ತಿಂಗಳಿಗೊಂದು ಸಲ ಒಂದು ಪರೀಕ್ಷೆ ಮಾಡಿ, ಒಂದು ಕುಂಡಕ್ಕೆ ರಾಶಿ ಮಣ್ಣು, ಇನ್ನೊಂದಕ್ಕೆ ಒಳ್ಳೇ ಮಣ್ಣು ಹಾಕಿ ಎರಡಕ್ಕೂ 20 ಹೆಸರುಕಾಳು ಬಿತ್ತಿ, ಎಷ್ಟು ಮೊಳಕೆ ಬಂತು ಎಣಿಸಿ ಬರೆದಿಡಿ. ಲ್ಯಾಬ್ ರಿಪೋರ್ಟ್‌ಗೆ ಸಮ ಅಲ್ಲ, ಆದ್ರೆ ದಾರಿ ಸರಿ ಇದೆಯಾ ಅಂತ ತಿಳಿಯುತ್ತೆ.

ತುಂಗಾದಂಡೆ
ನವೆಂಬರ್ 21

ಬಹಳ ದಿನ ಆಯ್ತು ಬರೆದು, ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾಗಿದೆ, ಪುರುಸೊತ್ತೇ ಇಲ್ಲ. ಆದ್ರೆ ನೀವೆಲ್ಲ ಇಷ್ಟು ಮಾಡಿದ್ದಕ್ಕೆ ಹೇಳ್ದೆ ಇರೋಕೆ ಮನಸ್ಸು ಬರಲಿಲ್ಲ.

ಮಳೆಗಾಲ ಪೂರ್ತಿ ತಿರುವಿದ್ವಿ, ಪುಷ್ಯ ಮಳೇಲಿ ಎರಡು ವಾರ ಮಾತ್ರ ಆಗ್ಲಿಲ್ಲ, ಚಪ್ಪರದ ಒಂದು ಕಡೆ ಹಾರಿಹೋಗಿ ರಾಶಿ ಒದ್ದೆ ಆಯ್ತು, ಆಗ ರಾಶಿ ತಣ್ಣಗಾಗಿ ಕೊಳೆತ ಮೊಟ್ಟೆ ವಾಸನೆ ಬಂತು. ಮತ್ತೆ ಸಿಪ್ಪೆ ಸೇರಿಸಿ ದಿನ ಬಿಟ್ಟು ದಿನ ತಿರುವಿದ ಮೇಲೆ ಬಿಸಿ ವಾಪಸ್ ಬಂತು. ಹೆಸರುಕಾಳು ಲೆಕ್ಕ ಬರೆದಿಟ್ಟಿದೀನಿ, ಜುಲೈಲಿ 20ರಲ್ಲಿ 3 ಹುಟ್ಟಿತ್ತು, ಅದೂ ಸೊಟ್ಟಗೆ. ಆಗಸ್ಟಲ್ಲಿ 6, ಸೆಪ್ಟೆಂಬರ್ 13, ಮೊನ್ನೆ 17. ಒಳ್ಳೇ ಮಣ್ಣಲ್ಲಿ 19. ಡೀಸೆಲ್ ವಾಸನೆ ಈಗ ಉಂಡೆ ಒಡೆದು ಮೂಗಿನ ಹತ್ರ ಹಿಡಿದ್ರೆ ಮಾತ್ರ, ಅಮ್ಮ ಇನ್ನೂ ಇದೆ ಅಂತಾರೆ.

8 ಮರದಲ್ಲಿ 2 ಹೋಯ್ತು, ಬ್ಯಾರಲ್ ಬಿದ್ದ ಜಾಗಕ್ಕೆ ತೀರಾ ಹತ್ರ ಇದ್ದವು. ಉಳಿದ 6ರಲ್ಲಿ ಹೊಸ ಸುಳಿ ಹಸಿರಾಗೇ ಬಂದಿದೆ, ಈ ವರ್ಷ ಅಡಿಕೆ ಕೊನೆ ಬಿಟ್ಟಿಲ್ಲ. ಬಾವಿ ನೀರು ಗಾಜಿನ ಬಾಟಲೀಲಿ ಅಕ್ಟೋಬರಲ್ಲಿ ಕಳಿಸಿದ್ದು ಪೆಟ್ರೋಲಿಯಂ ಅಂಶ ಸಿಕ್ಕಿಲ್ಲ ಅಂತ ಬಂದಿದೆ, ಆದ್ರೆ ಟೀಚರಕ್ಕ, ಇನ್ನೂ ಕುಡಿಯೋಕೆ ಶುರು ಮಾಡಿಲ್ಲ, ಮಳೆ ನೀರು ಬೆರೆತು ತೆಳುವಾಗಿರಬಹುದು ಅಂತ ಅನುಮಾನ, ಬೇಸಿಗೇಲಿ ನೀರು ಇಳಿದಾಗ ಇನ್ನೊಂದು ಸಲ ಕಳಿಸೋಣ ಅಂತ ಇದೀವಿ. ದೂರಿಗೆ ಒಬ್ರು ಬಂದು ಜಾಗ ನೋಡಿ ಮಹಜರು ಬರ್ಕೊಂಡು ಹೋಗಿದಾರೆ, ದುಡ್ಡಿನ ವಿಷಯ ಇನ್ನೂ ಏನೂ ಆಗಿಲ್ಲ.

ರಾಶಿ ಮಣ್ಣನ್ನ ಈಗ ವಾಪಸ್ ಅದೇ ಗುಂಡಿಗೆ ಹಾಕಿ ಎರಡು ಅಡಿಕೆ ಸಸಿ ನೆಡಬಹುದಾ?

ಪಿಯು_ಟೀಚರ್
ನವೆಂಬರ್ 21

ಕಾಯ್ತಿರೋದು ಒಳ್ಳೇದಾಯ್ತು. ಏಪ್ರಿಲ್ ಕೊನೇಲಿ ನೀರು ಪೂರ್ತಿ ತಳ ಹಿಡಿದಾಗ ಕಳಿಸಿ. ಮಹಜರಿನ ನಕಲು ಕೇಳಿ ತಗೊಂಡಿದೀರಾ? ಇಲ್ಲ ಅಂದ್ರೆ ನಾಳೆನೇ ಅರ್ಜಿ ಹಾಕಿ.

ಮಣ್ಣಿನ_ಹುಚ್ಚು
ನವೆಂಬರ್ 22

3ರಿಂದ 17! ಓದಿ ನಮ್ಮ ಮನೇಲೆಲ್ಲ ಹೇಳ್ಕೊಂಡು ಬಂದೆ. ಆದ್ರೆ ಈಗ್ಲೇ ಗುಂಡಿಗೆ ಹಾಕ್ಬೇಡಿ. ಈಗ ಉಳಿದಿರೋದು ಕವಲು ಸರಪಳಿ, ಉಂಗುರದ್ದು, ಅಂದ್ರೆ ನಿಧಾನದ ಪಾಲು. ಚಳಿ ಬಂದ್ರೆ ಬ್ಯಾಕ್ಟೀರಿಯಾನೂ ನಿಧಾನ ಆಗ್ತವೆ, ಮಾರ್ಚಿಂದ ಮತ್ತೆ ಚುರುಕು. ಇನ್ನು ಹದಿನೈದು ದಿನಕ್ಕೊಮ್ಮೆ ತಿರುವಿದ್ರೆ ಸಾಕು, ಬಿಸಿಲಿಗೆ ಒಣಗದ ಹಾಗೆ ಸ್ವಲ್ಪ ನೀರು ಚಿಮುಕಿಸ್ತಾ ಇರಿ. ಏಪ್ರಿಲಲ್ಲಿ ಬಾವಿ ನೀರಿನ ಜೊತೆ ಮಣ್ಣೂ ಒಂದು ಸ್ಯಾಂಪಲ್ ಕೊಡಿ, ರಾಶಿಯ ಐದು ಕಡೆಯಿಂದ ಹಿಡಿ ಹಿಡಿ ತೆಗೆದು ಗಾಜಿನ ಜಾಡೀಲಿ ಹಾಕಿ. ಜಂಬಿಟ್ಟಿಗೆ ಬಿರುಕಲ್ಲಿ ಇಳಿದಿದೆ ಅಂದ್ರಲ್ಲ, ಆ ಜಾಗ ಗುಂಡಿ ಮುಚ್ಚೋ ಮೊದ್ಲು ಬೇಸಿಗೇಲಿ ತೆರೆದೇ ಬಿಡಿ, ಗಾಳಿ ಆಡ್ಲಿ. ರಿಪೋರ್ಟ್ ಬಂದ್ಮೇಲೆ ಮೊದಲ ವರ್ಷ ಅಡಿಕೆ ಬದ್ಲು ಸೆಣಬು ಬಿತ್ತಿ, ಬೇರು ಇಳಿದ ಕಡೆ ಬ್ಯಾಕ್ಟೀರಿಯಾನೂ ಇಳಿತವೆ, ಸಸಿ ಆಮೇಲೆ ನೆಟ್ರಾಯ್ತು.

ಗ್ಯಾರೇಜ್_ಮಂಜಣ್ಣ
ನವೆಂಬರ್ 22

ತಮ್ಮ, ಆ ಕಾಲುವೆ ಹೊಟ್ಟು ಬದಲಾಯಿಸಿದ್ಯಾ? ಮುಂದಿನ ಮಳೆಗೆ ಮೊದ್ಲು ಹೊಸದು ತುಂಬು, ಭತ್ತದ ಹೊಟ್ಟು ಬೇಕಾದ್ರೆ ಇಲ್ಲಿ ಮಿಲ್ಲಿಂದ ಕಳಿಸ್ತೀನಿ, ತೀರ್ಥಹಳ್ಳಿ ಕಡೆ ವಾರಕ್ಕೆರಡು ಸಲ ನಮ್ಮ ಗಾಡಿ ಬರುತ್ತೆ.